ಗೆರೆ ಎಳೆದ ಮೂರು ಅಂಕಿ

ಅಟೆಂಡರ್ ಮೂರು ಕಂದು ಸೀಸೆಗಳನ್ನು ಕಿಟಕಿ ಪಕ್ಕದ ಕಡಪ ಕಲ್ಲಿನ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಚೀಟಿ ಅಂಟಿಸುತ್ತಿದ್ದರು. ಒಂದರ ಮೇಲೆ ‘ಅ’, ಇನ್ನೊಂದರ ಮೇಲೆ ‘ಆ’, ಮತ್ತೊಂದರ ಮೇಲೆ ‘ಇ’. ಮೂರರಲ್ಲೂ ಇದ್ದದ್ದು ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣ. ಬೆಳಕಿಗೆ ಹಿಡಿದರೂ ಆಚೆ ಏನೂ ಕಾಣದಷ್ಟು ಗಾಢ ನೇರಳೆ. ಸೋಮವಾರವೇ ಕರಗಿಸಿ ಇಟ್ಟಿದ್ದರಂತೆ. ಲೀಟರಿಗೆ ಒಂದರಲ್ಲಿ 3.16 ಗ್ರಾಂ, ಇನ್ನೊಂದರಲ್ಲಿ 2.84, ಮತ್ತೊಂದರಲ್ಲಿ 3.48. ಮೂರು ರಾತ್ರಿ ಕಳೆದ ಮೇಲೆ ತಳದಲ್ಲಿ ಕಂದು ಗಸಿ ಕೂತಿತ್ತು. ಅದನ್ನು ಗಾಜಿನ ಹತ್ತಿಯಲ್ಲಿ ಸೋಸಿದರು. ಕಾಗದದಲ್ಲಿ ಸೋಸುವ ಹಾಗಿಲ್ಲ, ಪರ್ಮಾಂಗನೇಟು ಕಾಗದವನ್ನೇ ತಿಂದು ತಾನೂ ಕೆಡುತ್ತದೆ.

ಪಕ್ಕದ ಮೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಬ್ಯೂರೆಟ್ಟಿನ ಮುಂದೆ ಬಗ್ಗಿ ನಿಂತಿದ್ದರು. ಮಕ್ಕಳು ಬರುವ ಮೊದಲೇ ಮೂರೂ ಸೀಸೆಯ ಅಳತೆಯನ್ನು ತಾವೇ ತೆಗೆಯುವುದು ಅವರ ಪದ್ಧತಿ. ತಕ್ಕಡಿಯಲ್ಲಿ ತೂಗಿ ಹಾಕಿದ್ದೀರಲ್ಲ, ಇನ್ನೇಕೆ ಅಂತ ಕೇಳಿದೆ. ‘ಪರ್ಮಾಂಗನೇಟಿನ ಮಾತು ನಂಬೋ ಹಾಗಿಲ್ಲ. ನೀರಿನಲ್ಲಿರೋ ಕಸ, ಬೆಳಕು, ಸೀಸೆಯ ಗೋಡೆ, ಎಲ್ಲಾ ಅದನ್ನ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತವೆ. ಇವತ್ತು ಎಷ್ಟಿದೆ ಅಂತ ಇವತ್ತೇ ಕೇಳ್ಬೇಕು’ ಅಂದರು. ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಅಂಗಿ ಜೇಬಿಗೆ ಹಾಕಿಕೊಂಡರು: 10.0, 11.1, 9.1.

ಇದು ತುಮಕೂರು ಸೀಮೆಯ ಒಂದು ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜು. ಜನವರಿಯ ಒಂದು ಗುರುವಾರ. ದ್ವಿತೀಯ ಪಿಯುಸಿಯ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿದೆ. ರಸಾಯನಶಾಸ್ತ್ರದ 100 ಅಂಕದಲ್ಲಿ 30 ಈ ಕೋಣೆಯಲ್ಲೇ ನಿರ್ಧಾರವಾಗುತ್ತವೆ. ಹಾಗಾಗಿ ಇದು ಎರಡು ಕೆಲಸ ಕೂಡಿಬರುವ ಕಾಲ: ಒಂದು ಕಡೆ ಪ್ರಯೋಗಗಳ ಮರುಕಲಿಕೆ, ಇನ್ನೊಂದು ಕಡೆ ರೆಕಾರ್ಡ್ ಪುಸ್ತಕಗಳಿಗೆ ಸಹಿ. ಮಕ್ಕಳು ಪ್ರಯೋಗವನ್ನು ಹೇಗೆ ಬರೆಯುತ್ತಾರೆ, ಬರೆದದ್ದನ್ನು ಮೇಷ್ಟ್ರು ಹೇಗೆ ಅಳೆಯುತ್ತಾರೆ ಅನ್ನುವುದನ್ನು ಒಂದು ದಿನ ಪೂರ್ತಿ ಕೂತು ನೋಡಬೇಕು ಅಂತ ಬಂದಿದ್ದೆ. ಬೆಳಗಿನ ಮೊದಲ ಬಸ್ಸಿಗೇ ಬಂದದ್ದು ಒಳ್ಳೆಯದಾಯಿತು. ಹತ್ತು ಗಂಟೆಗೆ ಬಂದಿದ್ದರೆ ಆ ಮೂರು ಚೀಟಿಗಳ ಅರ್ಥ ತಿಳಿಯುತ್ತಿರಲಿಲ್ಲ.

ಕೋಣೆ ಉದ್ದಕ್ಕಿದೆ. ನಾಲ್ಕು ಸಾಲು ಮೇಜು, ಪ್ರತಿ ಮೇಜಿನ ನಡುವೆ ಮರದ ರ‍್ಯಾಕು, ಅದರಲ್ಲಿ ಒತ್ತಾಗಿ ಕೂತ ಸೀಸೆಗಳು. ಸಿಲ್ವರ್ ನೈಟ್ರೇಟ್ ಮಾತ್ರ ಕಂದು ಸೀಸೆಯಲ್ಲಿ, ಬೀಗದ ಕಪಾಟಿನಲ್ಲಿ, ಬೆಲೆ ಜಾಸ್ತಿ. ಗೋಡೆಯ ಮೇಲೆ ಆವರ್ತ ಕೋಷ್ಟಕ, ಅದರ ಕೆಳಗೆ ಲವಣ ವಿಶ್ಲೇಷಣೆಯ ಗುಂಪುಗಳ ಪಟ್ಟಿ. ಸೀಸ ಮೊದಲನೆಯದರಲ್ಲಿ, ತಾಮ್ರ ಎರಡನೆಯದರಲ್ಲಿ, ಕಬ್ಬಿಣ ಅಲ್ಯೂಮಿನಿಯಂ ಮೂರನೆಯದರಲ್ಲಿ, ಹೀಗೆ ಮೆಗ್ನೀಸಿಯಂವರೆಗೆ. ಒಂದು ಮೂಲೆಯಲ್ಲಿ ಕಣ್ಣಿಗೆ ಆಮ್ಲ ಸಿಡಿದರೆ ತೊಳೆಯಲು ಪ್ರತ್ಯೇಕ ನಲ್ಲಿ. ಪಿಪೆಟ್ಟಿಗೆ ಬಾಯಿ ಹಾಕಿ ಎಳೆಯುವ ಕಾಲ ಇಲ್ಲಿ ಮುಗಿದಿದೆ. ಪ್ರತಿ ಮೇಜಿಗೂ ಕೆಂಪು ರಬ್ಬರ್ ಬಲ್ಬು ಇದೆ. ಆಕ್ಸಾಲಿಕ್ ಆಮ್ಲ ವಿಷ. ಒಂದು ಗುಟುಕು ತಪ್ಪಿ ಬಾಯಿಗೆ ಬಂದರೂ ತಮಾಷೆಯಲ್ಲ. ಈ ಬಲ್ಬುಗಳನ್ನು ಕಂಡು ನನಗೆ ನಿಜಕ್ಕೂ ಸಮಾಧಾನವಾಯಿತು.

ಹತ್ತಕ್ಕೆ ಇಪ್ಪತ್ತು ಮಕ್ಕಳ ಬ್ಯಾಚು ಒಳಗೆ ಬಂತು. ಎಲ್ಲರ ಕೈಯಲ್ಲೂ ಎರಡು ಪುಸ್ತಕ. ಒಂದು ಕಂದು ಬೈಂಡು ಹಾಕಿ, ಹೆಸರಿನ ಚೀಟಿ ಅಂಟಿಸಿ, ಮೂಲೆ ಮಡಚದಂತೆ ಕಾಪಾಡಿದ ರೆಕಾರ್ಡು. ಎಡಪುಟದಲ್ಲಿ ಪೆನ್ಸಿಲಿನ ಚಿತ್ರ ಮತ್ತು ಕೋಷ್ಟಕ, ಬಲಪುಟದಲ್ಲಿ ಶಾಯಿಯ ಬರವಣಿಗೆ. ಇನ್ನೊಂದು ಇನ್ನೂರು ಪುಟದ ಸಾದಾ ನೋಟ್‌ಬುಕ್ಕು. ಅದನ್ನು ಇವರು ‘ರಫ್ಫು’ ಅನ್ನುತ್ತಾರೆ. ಮೇಷ್ಟ್ರು ಮೊದಲು ಹೇಳಿದ್ದೇ ಇಷ್ಟು: ‘ರೆಕಾರ್ಡು ಬ್ಯಾಗಿನಲ್ಲಿರಲಿ. ರಫ್ಫು ಮೇಜಿನ ಮೇಲೆ, ಪೆನ್ನಿನಲ್ಲಿ. ಪೆನ್ಸಿಲ್ಲು ಬೇಡ, ರಬ್ಬರು ಬೇಡವೇ ಬೇಡ.’

ಪ್ರಯೋಗ ಹಳೆಯದು. ನನ್ನ ಕಾಲದಲ್ಲೂ ಇತ್ತು, ನನ್ನ ಮೇಷ್ಟ್ರ ಕಾಲದಲ್ಲೂ ಇದ್ದಿರಬೇಕು. ಆಕ್ಸಾಲಿಕ್ ಆಮ್ಲದ ಗೊತ್ತಿರುವ ದ್ರಾವಣ, ಲೀಟರಿಗೆ 6.3 ಗ್ರಾಂ. ಅದರಲ್ಲಿ 10 ಮಿಲಿಲೀಟರ್ ಪಿಪೆಟ್ಟಿನಲ್ಲಿ ತೆಗೆದು ಕೋನಿಕಲ್ ಫ್ಲಾಸ್ಕಿಗೆ ಬಿಡಬೇಕು. ಒಂದು ಪ್ರನಾಳದಷ್ಟು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60ರಿಂದ 70 ಡಿಗ್ರಿಗೆ ಬಿಸಿ ಮಾಡಿ, ಬ್ಯೂರೆಟ್ಟಿನಿಂದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡಬೇಕು. ಬಿದ್ದ ನೇರಳೆ ಮಾಯವಾಗುತ್ತಾ ಹೋಗುತ್ತದೆ. ಕೊನೆಗೊಂದು ಹನಿ ಮಾಯವಾಗದೆ, ಇಡೀ ದ್ರಾವಣಕ್ಕೆ ಎಳೆಗುಲಾಬಿಯ ಛಾಯೆ ಕೊಟ್ಟು ಅರ್ಧ ನಿಮಿಷ ನಿಂತರೆ ಅಲ್ಲಿಗೆ ಮುಗಿಯಿತು. ಬೇರೆ ಸೂಚಕ ಬೇಡ, ಬಣ್ಣವೇ ಸಾಕ್ಷಿ. ಆಮ್ಲ ಕಡಿಮೆಯಾದರೆ ಫ್ಲಾಸ್ಕಿನಲ್ಲಿ ಕಂದು ಮಡ್ಡಿ ಏಳುತ್ತದೆ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಹಾಕಿದರೆ ಪರ್ಮಾಂಗನೇಟು ಅದರ ಕ್ಲೋರೈಡಿನ ಮೇಲೂ ಕೈ ಹಾಕಿ, ಲೆಕ್ಕ ತಪ್ಪುತ್ತದೆ. ಇವೆಲ್ಲ ವೈವಾದಲ್ಲಿ ಕೇಳುವ ಪ್ರಶ್ನೆಗಳು. ಮಕ್ಕಳಿಗೆ ಬಾಯಿಪಾಠ.

ಬಾಯಿಪಾಠದಲ್ಲಿ ಇಲ್ಲದ್ದು ಕಣ್ಣಿಗೆ ಬಿದ್ದಾಗ ಅದನ್ನು ಬರೆಯುತ್ತಾರೆಯೇ? ನಾನು ನೋಡಲು ಬಂದದ್ದು ಅದನ್ನು.

ಮೂರನೇ ಮೇಜಿನ ಹುಡುಗ ಮೊದಲ ಹನಿ ಬಿಟ್ಟ. ಅದು ಹೋಗಲಿಲ್ಲ. ಬಿಸಿ ದ್ರಾವಣದಲ್ಲಿ ನೇರಳೆ ಹಣ್ಣಿನ ರಸ ಚೆಲ್ಲಿದ ಹಾಗೆ ಹರಡಿ, ಹಾಗೇ ನಿಂತಿತು. ಹುಡುಗ ಗಾಬರಿಯಾಗಿ ನಲ್ಲಿ ತಿರುಗಿಸಿ ನಿಲ್ಲಿಸಿದ. ಫ್ಲಾಸ್ಕನ್ನು ಒಂದೇ ಸಮ ಆಡಿಸಿದ. ಆಮೇಲೆ ಬಣ್ಣ ಮೆಲ್ಲಗೆ ಕರಗಿತು. ಎರಡನೇ ಹನಿ ಬೇಗ ಹೋಯಿತು, ಮೂರನೆಯದು ಬಿದ್ದ ಕ್ಷಣವೇ ಮಾಯ. ಅವನು ನನ್ನ ಮುಖ ನೋಡಿದ, ಮೇಷ್ಟ್ರ ಕಡೆ ನೋಡಿದ. ಆಮೇಲೆ ಬಗ್ಗಿ ರಫ್ಫಿನಲ್ಲಿ ಬರೆದ: ‘ಮೊದಲ ಹನಿ ಹೋಗೋಕೆ ತುಂಬಾ ಹೊತ್ತು. ಆಮೇಲಿನವು ಬೇಗ. ಯಾಕೆ?’

ಆ ಮೂರು ತುಂಡು ವಾಕ್ಯಗಳಲ್ಲಿ ಒಂದು ಪೂರ್ತಿ ಪಾಠ ಇದೆ. ಪರ್ಮಾಂಗನೇಟು ಆಕ್ಸಾಲಿಕ್ ಆಮ್ಲದ ಜೊತೆ ವರ್ತಿಸಿದಾಗ ಮ್ಯಾಂಗನೀಸಿನ ಅಯಾನು ಹುಟ್ಟುತ್ತದೆ. ಹಾಗೆ ಹುಟ್ಟಿದ ಅಯಾನೇ ಮುಂದಿನ ಕ್ರಿಯೆಗೆ ವೇಗ ಕೊಡುತ್ತದೆ. ಮೊದಲ ಹನಿಗೆ ಸಹಾಯಕರಿಲ್ಲ, ಅದು ದಾರಿ ಮಾಡಬೇಕು. ಹಿಂದೆ ಬಂದವಕ್ಕೆ ದಾರಿ ಸಿದ್ಧ. ಸ್ವಯಂ ವೇಗವರ್ಧನೆ ಅನ್ನುವ ಪದವನ್ನು ಎಷ್ಟೋ ಮಕ್ಕಳು ಪರೀಕ್ಷೆಯಲ್ಲಿ ಬರೆದಿದ್ದಾರೆ. ಅದನ್ನು ಕಣ್ಣಾರೆ ಕಂಡು ‘ಯಾಕೆ’ ಅಂತ ಕೇಳಿದವರ ಸಂಖ್ಯೆ ಚಿಕ್ಕದು. ಮೇಷ್ಟ್ರು ಬಂದು ಆ ಸಾಲು ಓದಿ, ಅದರ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿದರು. ಉತ್ತರ ಹೇಳಲಿಲ್ಲ. ‘ಮಧ್ಯಾಹ್ನದವರೆಗೆ ಯೋಚ್ನೆ ಮಾಡು’ ಅಂದು ಮುಂದೆ ಹೋದರು.

ಹನ್ನೊಂದರ ಹೊತ್ತಿಗೆ ಕಿಟಕಿ ಪಕ್ಕದ ಹುಡುಗಿಯ ಮೂರು ರೀಡಿಂಗು ಮುಗಿದಿದ್ದವು. 10.5, 10.4, 10.4. ಎರಡು ಒಂದೇ ಬಂದಿವೆ, ಹಾಗಾಗಿ 10.4 ಅಂತ ಕೆಳಗೆ ಗೆರೆ ಎಳೆದು, ಲೆಕ್ಕ ಶುರು ಮಾಡಿದ್ದಳು. ಕೆಲಸ ಅಚ್ಚುಕಟ್ಟು. ಗಾಢ ಬಣ್ಣದ ದ್ರಾವಣವಾದ್ದರಿಂದ ಕೆಳಗಿನ ಬಾಗು ಕಾಣುವುದಿಲ್ಲ, ಮೇಲಂಚನ್ನೇ ಓದಬೇಕು ಅನ್ನುವುದನ್ನೂ ಅವಳು ಸರಿಯಾಗಿ ಮಾಡಿದ್ದಳು. ಕಣ್ಣನ್ನು ಗೆರೆಯ ಮಟ್ಟಕ್ಕೆ ತರಲು ಸ್ಟೂಲಿನ ಮೇಲೆ ಹತ್ತಿ ನಿಂತದ್ದನ್ನು ನಾನೇ ಕಂಡಿದ್ದೆ.

ಅವಳ ಸೀಸೆ ‘ಅ’. ಮೇಷ್ಟ್ರ ಜೇಬಿನ ಚೀಟಿಯಲ್ಲಿ ‘ಅ’ದ ಎದುರು ಇದ್ದದ್ದು 10.0.

ಪಕ್ಕದವಳ ಸೀಸೆ ‘ಆ’, ಅವಳಿಗೆ 11ರ ಆಚೆ ಬಂದಿದೆ. ಎದುರಿನವನದು ‘ಇ’. ಹಾಗಾಗಿ ಅಕ್ಕಪಕ್ಕ ಇಣುಕಿ ತನ್ನ ಅಂಕಿ ಸರಿಯೋ ತಪ್ಪೋ ಅಂತ ತಿಳಿಯುವ ದಾರಿಯೇ ಇಲ್ಲ. ಮೇಷ್ಟ್ರು ತಪ್ಪು ಅನ್ನಲಿಲ್ಲ. ‘ಇನ್ನೊಂದು ಸಲ ಮಾಡಮ್ಮ, ನಾನು ನೋಡ್ತೀನಿ’ ಅಂದು ಪಕ್ಕದ ಸ್ಟೂಲು ಎಳೆದುಕೊಂಡು ಕೂತರು.

ಹುಡುಗಿ ಫ್ಲಾಸ್ಕನ್ನು ನಲ್ಲಿಯ ಕೆಳಗೆ ತೊಳೆದಳು. ಶುದ್ಧ ನೀರಿನಲ್ಲಿ ಇನ್ನೊಮ್ಮೆ ತೊಳೆದಳು. ಆಮೇಲೆ ಆಕ್ಸಾಲಿಕ್ ಆಮ್ಲದ ಬೀಕರ್ ಎತ್ತಿ, ಸ್ವಲ್ಪ ಫ್ಲಾಸ್ಕಿಗೆ ಸುರಿದು, ಸುತ್ತಲೂ ಆಡಿಸಿ, ಸಿಂಕಿಗೆ ಚೆಲ್ಲಿದಳು.

‘ಅದ್ಯಾಕಮ್ಮ?’

‘ಬ್ಯೂರೆಟ್ಟು, ಪಿಪೆಟ್ಟು ಎರಡನ್ನೂ ಅದರದರ ಸಲ್ಯೂಷನ್ನಲ್ಲೇ ರಿನ್ಸ್ ಮಾಡ್ಬೇಕು ಅಂದಿದ್ರಲ್ಲ ಸಾರ್. ಅದಕ್ಕೇ ಇದನ್ನೂ…’

ಮೇಷ್ಟ್ರು ತಲೆಯಾಡಿಸಿದರು. ಅವಳು ಪಾಠ ಕೇಳಿಸಿಕೊಂಡಿದ್ದಾಳೆ, ಕೇಳಿದ್ದನ್ನು ಒಂದು ಹೆಜ್ಜೆ ಮುಂದಕ್ಕೂ ಒಯ್ದಿದ್ದಾಳೆ. ತಪ್ಪಾದದ್ದು ಆ ಒಂದು ಹೆಜ್ಜೆಯಲ್ಲಿ. ಪಿಪೆಟ್ಟಿನಲ್ಲಿ ನೀರು ಉಳಿದರೆ ಆಮ್ಲ ತೆಳುವಾಗಿ, 10 ಮಿಲಿಲೀಟರಿನಲ್ಲಿ ಇರಬೇಕಾದಷ್ಟು ಆಮ್ಲ ಇರುವುದಿಲ್ಲ. ಫ್ಲಾಸ್ಕಿನ ಸಂಗತಿ ಬೇರೆ. ಅಲ್ಲಿಗೆ ಆಮ್ಲ ಅಳೆದು ಬಂದಾಗಿದೆ. ನೀರು ಎಷ್ಟಿದ್ದರೂ ಅದರ ಎಣಿಕೆ ಬದಲಾಗದು. ‘ಊಟಕ್ಕೆ ಕರೆದದ್ದು ಹತ್ತು ಜನಾನ. ಚಪ್ಪರ ದೊಡ್ಡದಾದ್ರೆ ಎಲೆ ಜಾಸ್ತಿ ಹಾಕ್ತೀಯಾ?’ ಅಂದರು ಮೇಷ್ಟ್ರು. ‘ಈಗ ನೀನು ಫ್ಲಾಸ್ಕನ್ನ ಆಮ್ಲದಲ್ಲೇ ತೊಳೆದೆ. ಗೋಡೆಗೆ ಅಂಟಿಕೊಂಡು ಒಂದಿಷ್ಟು ಒಳಗೇ ಉಳೀತು. ಕರೆಯದವರೂ ಪಂಕ್ತೀಲಿ ಕೂತರು.’

ಹುಡುಗಿ ತಟ್ಟನೆ ಅಂದಳು: ‘ಅದಕ್ಕೇ ಜಾಸ್ತಿ ಪರ್ಮಾಂಗನೇಟ್ ಹಿಡೀತು!’

ಪ್ರತಿ ಸಲವೂ ಒಂದೇ ರೀತಿ ತೊಳೆದು, ಒಂದೇ ರೀತಿ ಚೆಲ್ಲಿದ್ದರಿಂದ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಆಮ್ಲ ಉಳಿದಿತ್ತು. ಆದ್ದರಿಂದ ರೀಡಿಂಗುಗಳು ಒಂದಕ್ಕೊಂದು ತಾಳೆಯಾದವು. ತಾಳೆಯಾಗಿಯೂ ತಪ್ಪಾಗಿದ್ದವು. ಪ್ರಯೋಗಶಾಲೆಯಲ್ಲಿ ಕಲಿಯಬಹುದಾದ ಅತಿ ಕಷ್ಟದ ಸಂಗತಿ ಇದು ಅಂತ ನನಗನ್ನಿಸುತ್ತದೆ. ಪಠ್ಯಪುಸ್ತಕದಲ್ಲಿ ಓದಿದರೆ ಅದು ಮೈಗೆ ಹತ್ತುವುದಿಲ್ಲ. ಕೇವಲ ನೀರಿನಲ್ಲಿ ತೊಳೆದ ಫ್ಲಾಸ್ಕಿನಲ್ಲಿ ನಾಲ್ಕನೆಯದು ಮಾಡಿದಳು: 10.1. ಐದನೆಯದು 10.0, ಆರನೆಯದೂ 10.0.

ಆಗ ಅವಳು ಕೇಳಿದ ಪ್ರಶ್ನೆಗೆ ಇಡೀ ದಿನ ಕಾದಿದ್ದೆನೋ ಅನ್ನಿಸಿತು. ‘ಮೊದಲಿನ ಮೂರನ್ನ ಹೊಡೆದು ಹಾಕ್ಲಾ ಸಾರ್? ಹೊಸ ಪೇಜಲ್ಲಿ ಬರೀಲಾ?’

‘ಪೇಜು ಹರೀಬೇಡ. ವೈಟ್ನರ್ ಹಚ್ಚಬೇಡ. ಓದೋಕೆ ಬರೋ ಹಾಗೆ ಒಂದೇ ಗೆರೆ ಎಳಿ. ಪಕ್ಕದಲ್ಲಿ ಯಾಕೆ ಅಂತ ಬರಿ. ನಿನ್ನ ಮಾತಲ್ಲಿ ಬರಿ.’

ಅವಳು ಬರೆಯುತ್ತಿದ್ದಾಗ ಮೇಷ್ಟ್ರು ಇಡೀ ಬ್ಯಾಚನ್ನು ಕರೆದು ಒಂದು ಕಥೆ ಹೇಳಿದರು. ನಾನೂ ಕೇಳಿದೆ. ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ 1890ರ ದಶಕದ ಆರಂಭದಲ್ಲಿ ನೈಟ್ರೋಜನ್ನಿನ ಸಾಂದ್ರತೆ ಅಳೆಯುತ್ತಿದ್ದರು. ಗಾಳಿಯಿಂದ ಆಮ್ಲಜನಕ ಮೊದಲಾದವನ್ನು ತೆಗೆದು ಉಳಿಸಿದ ನೈಟ್ರೋಜನ್ ಲೀಟರಿಗೆ 1.2572 ಗ್ರಾಂ ತೂಗಿತು. ಅಮೋನಿಯಾದಂಥ ಸಂಯುಕ್ತಗಳಿಂದ ತಯಾರಿಸಿದ್ದು 1.2505 ಗ್ರಾಂ. ವ್ಯತ್ಯಾಸ ಇನ್ನೂರರಲ್ಲಿ ಒಂದು ಪಾಲು. ಕಣ್ಣುಮುಚ್ಚಿ ಸರಾಸರಿ ತೆಗೆಯಬಹುದಿತ್ತು, ಒಂದನ್ನು ಹೊಡೆದು ಹಾಕಬಹುದಿತ್ತು. ರ‍್ಯಾಲೆ ಎರಡನ್ನೂ ಇಟ್ಟುಕೊಂಡರು. ಈ ವ್ಯತ್ಯಾಸ ಯಾಕೆ ಬರುತ್ತಿದೆ ಅಂತ ವಿಜ್ಞಾನ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಕೇಳಿದರು. ವಿಲಿಯಂ ರ‍್ಯಾಮ್ಸೇ ಜೊತೆಗೂಡಿದರು. 1894ರಲ್ಲಿ ಅವರಿಬ್ಬರೂ ಪ್ರಪಂಚಕ್ಕೆ ತಿಳಿಸಿದರು: ಗಾಳಿಯ ನೈಟ್ರೋಜನ್ನಿನಲ್ಲಿ ಅದುವರೆಗೆ ಯಾರೂ ಕಾಣದ ಇನ್ನೊಂದು ಅನಿಲ ಬೆರೆತಿದೆ. ಅದೇ ಆರ್ಗಾನ್. 1904ರಲ್ಲಿ ರ‍್ಯಾಲೆಗೆ ಭೌತವಿಜ್ಞಾನದ, ರ‍್ಯಾಮ್ಸೇಗೆ ರಸಾಯನವಿಜ್ಞಾನದ ನೊಬೆಲ್ ಬಂತು.

ಕಥೆಯ ಇನ್ನೊಂದು ತುದಿ ನಮ್ಮ ಕಡೆ ಇದೆ. ಅದನ್ನೂ ಮೇಷ್ಟ್ರು ಬಿಡಲಿಲ್ಲ. ರ‍್ಯಾಮ್ಸೇ ಜೊತೆ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಕಂಡವರು ಮಾರಿಸ್ ಟ್ರಾವರ್ಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಿದ್ದ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದವರು ಅವರೇ. 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರಲ್ಲಿ. ಮೊದಮೊದಲ ವಿಭಾಗಗಳಲ್ಲಿ ರಸಾಯನಶಾಸ್ತ್ರದ್ದೇ ಪ್ರಧಾನ ಪಾಲು. ಕಿಟಕಿ ಪಕ್ಕದ ಹುಡುಗಿ ತಲೆ ಎತ್ತದೆ ಬರೆಯುತ್ತಲೇ ಇದ್ದಳು. ಕಥೆ ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋದ ಮೇಲೆ ಮೇಷ್ಟ್ರು ಕಬ್ಬಿಣದ ಕಪಾಟಿನ ಬಾಗಿಲು ತೆಗೆದರು. ಒಳಗೆ ಅರವತ್ತಕ್ಕೂ ಹೆಚ್ಚು ರೆಕಾರ್ಡು. ಬೆನ್ನು ಹೊರಗೆ ಮಾಡಿ ಜೋಡಿಸಿದ ಕಂದು ಹೊತ್ತಗೆಗಳು. ಸಾಮಾನ್ಯವಾಗಿ ಇವನ್ನು ತಿದ್ದುವುದು ಅಂದರೆ ಪುಟ ತಿರುಗಿಸುವುದು, ಪ್ರಯೋಗದ ಕೊನೆಗೆ ಸಹಿ ಮಾಡುವುದು, ತಾರೀಕು ಹಾಕುವುದು. ಇವರು ಹಾಗೆ ಮಾಡುವುದಿಲ್ಲ. ಪ್ರತಿ ರೆಕಾರ್ಡನ್ನೂ ಅದರ ರಫ್ಫಿನ ಪಕ್ಕದಲ್ಲಿಟ್ಟು ಓದುತ್ತಾರೆ.

ನನಗೂ ನಾಲ್ಕೈದು ಕೊಟ್ಟರು. ಕೆಲವನ್ನು ನೋಡುತ್ತಲೇ ಏನೋ ಸರಿಯಿಲ್ಲ ಅನ್ನಿಸಿತು. ಒಂದರಲ್ಲಿ ಮೂರು ರೀಡಿಂಗೂ ಒಂದೇ ಸಮ, ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ. ಇನ್ನೊಂದರಲ್ಲಿ 10.03 ಅಂತ ಬರೆದಿದೆ. ಈ ಬ್ಯೂರೆಟ್ಟಿನ ಸಣ್ಣ ಗೆರೆ 0.1ಕ್ಕೆ ಒಂದು, ಅನುಭವಿ ಕಣ್ಣು ಅದರ ಅರ್ಧವನ್ನು ಅಂದಾಜು ಮಾಡೀತು. 3 ಎಲ್ಲಿಂದ ಬಂತು? ಮತ್ತೊಂದರಲ್ಲಿ ಪರ್ಮಾಂಗನೇಟಿನ ಪ್ರಬಲತೆ 0.0192307692 ಮೋಲಾರ್ ಅಂತ ಕ್ಯಾಲ್ಕ್ಯುಲೇಟರ್ ಕೊಟ್ಟ ಹತ್ತೂ ದಶಮಾಂಶ ಸ್ಥಾನ ಇಳಿಸಿದ್ದಾರೆ. ಮೇಷ್ಟ್ರು ಅದರಲ್ಲಿ 0.0192ರ ಮುಂದೆ ಒಂದು ಗೆರೆ ಎಳೆದು, ‘ಇದರಾಚೆ ನಿನಗೆ ಗೊತ್ತಿಲ್ಲ’ ಅಂತ ಬರೆದರು. ನನಗೆ ಆ ಮಾತು ಬಹಳ ಹಿಡಿಸಿತು. ಬರೆದ ಪ್ರತಿಯೊಂದು ಅಂಕಿಯೂ ‘ಇದನ್ನು ನಾನು ಕಂಡೆ’ ಅನ್ನುವ ಪ್ರಮಾಣ. ಕಾಣದ ಅಂಕಿಯನ್ನು ಬರೆಯುವ ಚಟ ಹದಿನೇಳನೇ ವಯಸ್ಸಿಗೇ ಹತ್ತಿದರೆ ಬಿಡಿಸುವುದು ಕಷ್ಟ.

ಲವಣ ವಿಶ್ಲೇಷಣೆಯ ಪುಟಗಳಲ್ಲಿ ಇದು ಇನ್ನೂ ಸ್ಪಷ್ಟ. ಪ್ರಯೋಗ, ವೀಕ್ಷಣೆ, ನಿರ್ಣಯ ಅಂತ ಮೂರು ಕಾಲಂ. ನೈಟ್ರೇಟಿನ ಕಂದು ಉಂಗುರದ ಪರೀಕ್ಷೆಯ ಎದುರು ಎಲ್ಲ ರೆಕಾರ್ಡಿನಲ್ಲೂ ಒಂದೇ ವಾಕ್ಯ, ಅಕ್ಷರ ಬದಲಾಗದ ವಾಕ್ಯ: ಎರಡು ದ್ರವಗಳು ಕೂಡುವಲ್ಲಿ ಕಂದು ಉಂಗುರ ಕಂಡಿತು. ಆ ವಾಕ್ಯ ಹಿಂದಿನ ವರ್ಷದ ಅಣ್ಣನ ರೆಕಾರ್ಡಿನಿಂದ ಬಂದದ್ದು, ಅಣ್ಣನಿಗೆ ಅವನ ಹಿಂದಿನವರಿಂದ. ರಫ್ಫು ತೆಗೆದು ನೋಡಿದರೆ ಬೇರೆಯದೇ ಲೋಕ. ಒಬ್ಬಳು ಬರೆದಿದ್ದಾಳೆ: ‘ಉಂಗುರ ಬಂತು, ತೋರಿಸೋಕೆ ಎತ್ತಿದಾಗ ಅಲ್ಲಾಡಿತು, ಹೋಯ್ತು.’ ಕಬ್ಬಿಣ ಮತ್ತು ನೈಟ್ರಿಕ್ ಆಕ್ಸೈಡಿನ ಆ ಕಂದು ಸಂಕೀರ್ಣ ನಿಜವಾಗಿಯೂ ಅಷ್ಟು ನಾಜೂಕು. ಅಲ್ಲಾಡಿಸಿದರೆ ಕೆಳಗಿನ ಸಾಂದ್ರ ಆಮ್ಲ ಬೆರೆತು ಬಿಸಿಯಾಗುತ್ತದೆ, ಸಂಕೀರ್ಣ ಒಡೆಯುತ್ತದೆ. ಅವಳು ಕಂಡದ್ದು ಪುಸ್ತಕದ ವಾಕ್ಯಕ್ಕಿಂತ ಹೆಚ್ಚಿನದು. ಆದರೆ ರೆಕಾರ್ಡಿಗೆ ಇಳಿಸುವಾಗ ‘ಹೋಯ್ತು’ ಅನ್ನುವುದನ್ನು ಬಿಟ್ಟಿದ್ದಳು. ಇನ್ನೊಬ್ಬ ಜ್ವಾಲೆ ಪರೀಕ್ಷೆಯಲ್ಲಿ ‘ಹಳದಿ ಬಿಟ್ಟು ಬೇರೇನೂ ಕಾಣ್ಲಿಲ್ಲ’ ಅಂತ ರಫ್ಫಿನಲ್ಲಿ ಬರೆದು, ರೆಕಾರ್ಡಿನಲ್ಲಿ ‘ಇಟ್ಟಿಗೆ ಕೆಂಪು’ ಅಂತ ಬರೆದಿದ್ದ. ಧೂಳಿನಲ್ಲಿ, ಬೆವರಿನಲ್ಲಿ ಸೋಡಿಯಂ ಎಲ್ಲೆಲ್ಲೂ ಇದೆ. ಅದರ ಹಳದಿ ಕ್ಯಾಲ್ಸಿಯಂನ ಕೆಂಪನ್ನು ಮುಚ್ಚುತ್ತದೆ. ಅವನ ರಫ್ಫು ಸತ್ಯ ಹೇಳಿತ್ತು. ಅದಕ್ಕೆ ಅಂಕ ಸಿಗುವುದಿಲ್ಲ ಅಂತ ಅವನಿಗೆ ಯಾರೋ ಕಲಿಸಿದ್ದರು.

ಭಾಷೆಯ ಮಾತು ಇಲ್ಲಿ ಬಂದೇ ಬರುತ್ತದೆ. ಈ ಮಕ್ಕಳಲ್ಲಿ ಹೆಚ್ಚಿನವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ರೆಕಾರ್ಡು ಇಂಗ್ಲಿಷಿನಲ್ಲಿ. ‘ವಾಸ್ ಪಿಪೆಟೆಡ್ ಔಟ್ ಇಂಟು ಎ ಕ್ಲೀನ್ ಕೋನಿಕಲ್ ಫ್ಲಾಸ್ಕ್’ ಅನ್ನುವ ವಾಕ್ಯ ಅವರಿಗೆ ಮಂತ್ರದ ಹಾಗೆ ಕಂಠಪಾಠ. ಆ ವಾಕ್ಯದಲ್ಲಿ ಮಾಡಿದವರು ಯಾರೂ ಇಲ್ಲ. ತನ್ನಿಂದ ತಾನೇ ಆಮ್ಲ ಎದ್ದು ಫ್ಲಾಸ್ಕಿಗೆ ಬಂದು ಬಿದ್ದಂತಿದೆ. ರಫ್ಫಿನಲ್ಲಾದರೆ ‘ನಾನು’ ಇದೆ, ‘ಚೆಲ್ಲಿತು’ ಇದೆ, ‘ಮಜ್ಜಿಗೆ ಒಡೆದ ಹಾಗೆ ಬಂತು’ ಇದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಅಂಟಂಟಾದ ಬಿಳಿ ಒತ್ತರಕ್ಕೆ ಒಬ್ಬ ‘ಗಂಜಿ ಥರ’ ಅಂತ ಬರೆದಿದ್ದ. ಪಠ್ಯದ ಪದಕ್ಕಿಂತ ಅದು ಹತ್ತಿರ, ಅದು ಅವನ ಕಣ್ಣು ಕಂಡದ್ದು.

ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೇ ಅನ್ನುವ ಸಂದೇಹಕ್ಕೆ ನೂರು ವರ್ಷಕ್ಕೂ ಹಿಂದೆಯೇ ಕೆಲಸದಲ್ಲಿ ಉತ್ತರ ಕೊಟ್ಟವರು ನಮ್ಮಲ್ಲಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ ‘ವಿಜ್ಞಾನ’ ಅನ್ನುವ ಮಾಸಪತ್ರಿಕೆ ಹೊರಡಿಸಿದರು. ಬೆಳ್ಳಾವೆ ಇದೇ ತುಮಕೂರು ಸೀಮೆಯ ಊರು. ರೆಕಾರ್ಡು ಇಂಗ್ಲಿಷಿನಲ್ಲೇ ಇರಲಿ, ಮುಂದಿನ ಓದಿಗೆ ಅದು ಬೇಕು. ಆದರೆ ಬ್ಯೂರೆಟ್ಟಿನ ಮುಂದೆ ನಿಂತು ಬರೆಯುವ ಮೊದಲ ವಾಕ್ಯ ಮಗುವಿಗೆ ಬರುವ ಮಾತಿನಲ್ಲಿ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಕಂಡದ್ದಕ್ಕೆ ಮಾತು ಹುಡುಕುವುದೇ ಕಷ್ಟವಾದರೆ ಮಗು ಕಾಣುವುದನ್ನೇ ಬಿಡುತ್ತದೆ.

ಹೀಗೆ ಬರೆಯುವಾಗ ನನ್ನ ಹಳೆಯ ರೆಕಾರ್ಡೊಂದು ನೆನಪಾಗುತ್ತದೆ. ಬಿ.ಎಸ್‌ಸಿ. ಎರಡನೇ ವರ್ಷ. ಎರಡು ರೀಡಿಂಗು 23.4 ಮತ್ತು 24.1 ಬಂದಿದ್ದವು. ಗಂಟೆ ಹೊಡೆಯಲು ಹತ್ತು ನಿಮಿಷ. ನಾನು ಮೂರನೆಯದನ್ನು ಮಾಡದೆಯೇ 23.4 ಅಂತ ಬರೆದೆ, 24.1ನ್ನು ರಬ್ಬರಿನಲ್ಲಿ ಅಳಿಸಿ 23.5 ಮಾಡಿದೆ. ಆ ಪ್ರಯೋಗಕ್ಕೆ ಪೂರ್ತಿ ಅಂಕ ಬಂತು, ಪುಟದ ಅಡಿಯಲ್ಲಿ ಮೆಚ್ಚುಗೆಯ ಮಾತೂ ಇತ್ತು. 24.1 ಯಾಕೆ ಬಂದಿತ್ತು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ಅವಕಾಶವನ್ನು ನಾನೇ ಅಳಿಸಿದ್ದೆ. ಬೆಳಿಗ್ಗೆ ‘ರಬ್ಬರು ಬೇಡವೇ ಬೇಡ’ ಅಂದ ಮಾತು ಕೇಳಿದಾಗ ನನ್ನ ಕೈ ತಾನಾಗಿಯೇ ಬಿಗಿಯಾಗಿತ್ತು.

ಅಂಕದ ಮಾತು ಬಾರದೆ ಇರದು. ಪರೀಕ್ಷೆಯ ದಿನ ಟೈಟ್ರೇಷನ್ನಿಗೆ ಅಂಕ ಸಿಗುವುದು ಬಹುಮಟ್ಟಿಗೆ ಪರೀಕ್ಷಕರ ಅಳತೆಗೆ ಮಗುವಿನ ಅಳತೆ ಎಷ್ಟು ಹತ್ತಿರ ಅನ್ನುವುದರ ಮೇಲೆ. ಅದು ಬೇಕು. ಕೈಯ ಕೌಶಲ ಅಳೆಯಲು ಅದಕ್ಕಿಂತ ನೇರ ದಾರಿ ಇಲ್ಲ. ಆದರೆ ವರ್ಷವಿಡೀ ಅದೊಂದೇ ಅಳತೆಯಾದರೆ ಮಕ್ಕಳು ಫ್ಲಾಸ್ಕನ್ನು ನೋಡುವುದು ಬಿಟ್ಟು ಮೇಷ್ಟ್ರ ಜೇಬನ್ನು ನೋಡುತ್ತಾರೆ. ಸಿಬಿಎಸ್‌ಇ ಹನ್ನೆರಡನೇ ತರಗತಿಯಲ್ಲೂ ರಸಾಯನಶಾಸ್ತ್ರದ ಪ್ರಾಯೋಗಿಕಕ್ಕೆ 30 ಅಂಕ. ಅದರಲ್ಲಿ ರೆಕಾರ್ಡು ಮತ್ತು ವೈವಾ ಎರಡಕ್ಕೂ ಸೇರಿ 4. ಇಷ್ಟು ಚಿಕ್ಕ ಪಾಲಿಗಾಗಿ ಮಕ್ಕಳು ರಾತ್ರಿಯೆಲ್ಲ ಕೂತು ರೆಕಾರ್ಡು ತುಂಬುತ್ತಾರೆ. ಚಿತ್ರಕ್ಕೆ ಬಣ್ಣ ಹಚ್ಚುತ್ತಾರೆ, ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ. ಆ ಶ್ರಮಕ್ಕೆ ನನಗೆ ಗೌರವವಿದೆ. ಅದರ ಕಾಲು ಭಾಗ ‘ಯಾಕೆ ಹೀಗಾಯಿತು’ ಅನ್ನುವ ಒಂದು ಪ್ಯಾರಾಕ್ಕೆ ಹೋದರೆ ಎಷ್ಟು ಚೆನ್ನ!

ಈ ಮೇಷ್ಟ್ರು ತಮ್ಮ ತರಗತಿಯ ಮಟ್ಟಿಗೆ ಹಾಗೆ ಮಾಡಿದ್ದಾರೆ. ವರ್ಷದ ಪ್ರಯೋಗಗಳಿಗೆ ತಾವೇ ಹತ್ತಂಕದ ಲೆಕ್ಕ ಇಟ್ಟುಕೊಂಡಿದ್ದಾರೆ. ಹೆಚ್ಚಿನ ಪಾಲು ಪ್ರಯೋಗದ ಹೊತ್ತಿನಲ್ಲೇ ಬರೆದ ರಫ್ಫಿಗೆ, ಆಮೇಲೆ ವ್ಯತ್ಯಾಸಕ್ಕೆ ಕಾರಣ ಹುಡುಕಿದ್ದಕ್ಕೆ, ಲೆಕ್ಕಕ್ಕೆ ಸ್ವಲ್ಪ, ಅಂದಕ್ಕೆ ಒಂದೇ ಅಂಕ. ಮೊದಲ ವರ್ಷ ಪೋಷಕರೊಬ್ಬರು ಬಂದು ಮಗಳ ರೆಕಾರ್ಡು ಇಷ್ಟು ಚಂದ ಇದ್ದರೂ ಅಂಕ ಯಾಕೆ ಕಡಿಮೆ ಅಂತ ಕೇಳಿದ್ದರಂತೆ. ಮೇಷ್ಟ್ರು ಎರಡೂ ಪುಸ್ತಕ ತೆರೆದು ಅಕ್ಕಪಕ್ಕ ಇಟ್ಟು ತೋರಿಸಿದರಂತೆ. ಇದಕ್ಕೆ ಸಮಯ ಹಿಡಿಯುತ್ತದೆ. ಒಂದು ಜೋಡಿ ಪುಸ್ತಕ ಓದಲು ಅವರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದನ್ನು ನಾನು ಗಡಿಯಾರ ಹಿಡಿದು ನೋಡಿದೆ. ಅರವತ್ತು ಮಕ್ಕಳು, ಒಬ್ಬರೇ ಮೇಷ್ಟ್ರು. ಬೇರೆ ಕಡೆ ಬರಿಯ ಸಹಿಯಲ್ಲಿ ಮುಗಿಯುತ್ತಿದ್ದರೆ ಆ ಮೇಷ್ಟರುಗಳನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಕೇಳಬೇಕಾದದ್ದು ಅವರಿಗೆ ಬೇಕಾದ ಹೊತ್ತನ್ನು.

ಮೂರೂವರೆಗೆ ಕಿಟಕಿ ಪಕ್ಕದ ಹುಡುಗಿಯ ರಫ್ಫು ಮೇಲೆ ಬಂತು. 10.5, 10.4, 10.4 ಮೂರರ ಮೇಲೂ ಒಂದು ಓರೆ ಗೆರೆ. ಅಂಕಿಗಳನ್ನು ಗೆರೆಯ ಕೆಳಗೆ ಸ್ಪಷ್ಟವಾಗಿ ಓದಬಹುದು. ಪಕ್ಕದಲ್ಲಿ ಹೀಗಿತ್ತು: ‘ಫ್ಲಾಸ್ಕನ್ನು ಆಕ್ಸಾಲಿಕ್‌ನಲ್ಲಿ ತೊಳೆದಿದ್ದೆ. ಒಳಗೆ ಉಳಿದದ್ದು ಸುಮಾರು 0.4 ಮಿ.ಲೀ. ಇರಬೇಕು. ನೀರಲ್ಲಿ ತೊಳೆದ ಮೇಲೆ 10.0 ಬಂತು.’ ಆ 0.4ನ್ನು ಅವಳೇ ಲೆಕ್ಕ ಹಾಕಿದ್ದಳು, ಯಾರೂ ಹೇಳಿಕೊಟ್ಟಿರಲಿಲ್ಲ. ಈ ಎರಡು ದ್ರಾವಣಗಳು 10ಕ್ಕೆ 10 ಸರಿಹೊಂದುವುದರಿಂದ, ಹೆಚ್ಚಾದ 0.4 ಪರ್ಮಾಂಗನೇಟಿಗೆ ಹೆಚ್ಚಾದ 0.4 ಆಮ್ಲ. ತನ್ನ ತಪ್ಪಿನ ಗಾತ್ರವನ್ನೇ ಅಳೆದಿದ್ದಳು. ಮೇಷ್ಟ್ರು ಎರಡು ಸಲ ಓದಿದರು. ಪುಟವನ್ನು ನನ್ನ ಕಡೆ ತಿರುಗಿಸಿದರು, ಏನೂ ಹೇಳಲಿಲ್ಲ. ಆಮೇಲೆ ಹತ್ತಕ್ಕೆ ಹತ್ತು ಹಾಕಿ ತಾರೀಕು ಬರೆದರು.

ಹೊರಗೆ ಅಟೆಂಡರ್ ಬ್ಯೂರೆಟ್ಟುಗಳನ್ನು ತೊಳೆಯುತ್ತಿದ್ದರು. ಪರ್ಮಾಂಗನೇಟು ಗಾಜಿಗೆ ಬಿಡುವ ಕಂದು ಕಲೆ ನೀರಿಗೆ ಹೋಗುವುದಿಲ್ಲ. ಮಕ್ಕಳು ಉಳಿಸಿದ ಆಕ್ಸಾಲಿಕ್ ದ್ರಾವಣಕ್ಕೆ ಸ್ವಲ್ಪ ಆಮ್ಲ ಸೇರಿಸಿ ಒಳಗೆ ಬಿಟ್ಟರೆ ಕಲೆ ಕರಗಿ ಗಾಜು ತಿಳಿಯಾಗುತ್ತದೆ. ಬೆಳಗಿನಿಂದ ಅಳೆದ ಕ್ರಿಯೆಯೇ ಸಂಜೆ ತೊಳೆಯುವ ಕೆಲಸಕ್ಕೂ ಬಂತು. ತೊಳೆದವನ್ನು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸಿ, ಮೂರು ಸೀಸೆಗಳನ್ನು ಒಳಗೆ ತಂದರು. ನಾಳೆ ಎರಡನೇ ಬ್ಯಾಚು. ಇವತ್ತಿನ ಮಕ್ಕಳು ಸಂಜೆಯ ಬಸ್ಸಿನಲ್ಲಿ ನಾಳಿನವರಿಗೆ ಎಲ್ಲಾ ಹೇಳಿರುತ್ತಾರೆ.

‘ಯಾವುದಕ್ಕೆ ಯಾವುದು ಸಾರ್?’ ಅಂತ ಅಟೆಂಡರ್ ಕೇಳಿದರು.

ಮೇಷ್ಟ್ರು ಜೇಬಿನ ಚೀಟಿ ತೆಗೆದು ನೋಡಿದರು. ‘ಅ’ದ ಚೀಟಿ ಕಿತ್ತು ‘ಇ’ಗೆ ಅಂಟಿಸಿದರು, ‘ಇ’ಯದನ್ನು ‘ಆ’ಗೆ, ‘ಆ’ದ್ದನ್ನು ‘ಅ’ಗೆ. ಬೆಳಿಗ್ಗೆ ಬರೆದ ಅಂಕಿಗಳ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ನಾಳೆ ಎಂಟೂವರೆಗೆ ಬಂದು ಮೂರನ್ನೂ ಮತ್ತೆ ಅಳೆಯಬೇಕು ಅಂತ ಹೇಳಿ, ಕಪಾಟಿನ ಬೀಗದ ಕೈ ಹುಡುಕತೊಡಗಿದರು.